ಕೊಲ್ಲಾಪುರ ಪಾಸಿಂಗ್

ಆದದ್ದು ಇಷ್ಟೇ. ಗಾಡಿ ನಾಪಾಸಾಗಿತ್ತು, ಬೀಗರು ಹೇಳಲಿಲ್ಲ, ನಾನು ಕೇಳಿದೆ. ಇದರ ಮೇಲೆ ಊರಿನವರು ಏನೇನು ಹೇಳುತ್ತಾರೋ ಅದೆಲ್ಲ ಅವರವರ ಮನೆಯ ಒಗ್ಗರಣೆ. ‘ಮುದುಕಿ ಬೀಗರ ಮಾನ ತೆಗೆದಳು’ ಅನ್ನುವವರಿದ್ದಾರೆ. ‘ಮಗಳ ಸಂಸಾರದ ಮೇಲೆ ಕಲ್ಲು ಹಾಕಲು ಹೋಗಿದ್ದಳು’ ಅನ್ನುವವರೂ ಇದ್ದಾರೆ. ಕಲ್ಲು ಇದ್ದದ್ದು ಖರೆ. ಆದರೆ ಆ ಕಲ್ಲು ನನ್ನದಲ್ಲ, ಬೀಗರದು.

ನಮ್ಮ ಮಂದಿಯ ಬುದ್ಧಿ ನನಗೆ ಇಷ್ಟು ವರ್ಷವಾದರೂ ತಿಳಿದಿಲ್ಲ. ಸಂತೆಯಲ್ಲಿ ಪಾವು ಕಿಲೋ ಬದನೆಕಾಯಿ ಕೊಳ್ಳುವಾಗ ಒಂದೊಂದನ್ನೂ ಹೊರಳಿಸಿ, ತೊಟ್ಟು ಹಿಚುಕಿ, ಹುಳದ ತೂತು ಹುಡುಕುತ್ತೇವೆ. ಎಮ್ಮೆ ಕೊಳ್ಳುವುದಾದರೆ ಹಲ್ಲು ನೋಡುತ್ತೇವೆ, ಕೆಚ್ಚಲು ಮುಟ್ಟುತ್ತೇವೆ, ಮಾರುವವನ ಅಂಗಳದಲ್ಲೇ ಕೂತು ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಹಿಂಡಿ ನೋಡಿ ಆಮೇಲೆ ಹಗ್ಗ ಹಿಡಿಯುತ್ತೇವೆ. ಅದಕ್ಕೆ ಎಮ್ಮೆಯೂ ಬೇಜಾರು ಮಾಡಿಕೊಳ್ಳುವುದಿಲ್ಲ, ಅದರ ಮಾಲಕನೂ ಮಾಡಿಕೊಳ್ಳುವುದಿಲ್ಲ. ಆದರೆ ಬೀಗರ ಸಾಮಾನು ಅಂದ ಕೂಡಲೇ ಕಣ್ಣು ಮುಚ್ಚಿಕೊಳ್ಳಬೇಕಂತೆ. ಕೇಳಿದರೆ ಅಪಮಾನವಂತೆ. ಅದರಲ್ಲೂ ಹೆಣ್ಣು ಕೊಟ್ಟವರು ನಾವು, ನಮ್ಮ ಬಾಯಿಗೆ ಇನ್ನೊಂದು ಹೊಲಿಗೆ ಹೆಚ್ಚು. ನನ್ನ ಬಾಯಿಗೆ ಮೊದಲಿನ ಹೊಲಿಗೆಯೇ ನಿಂತಿಲ್ಲ.

ನಮ್ಮ ಮನೆ ಏಕಸಂಬಿಯಲ್ಲಿ. ನಾನು, ಮಗ ಬಸವರಾಜ, ಸೊಸೆ ಶೋಭಾ. ಮಗ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಾನೆ. ನಾನೂ ಸೊಸೆಯೂ ರೊಟ್ಟಿ ಬಡಿಯುತ್ತೇವೆ. ಜೋಳದ್ದು, ಸಜ್ಜೆಯದು, ಕಡಕ್ ರೊಟ್ಟಿ. ಚಿಕ್ಕೋಡಿ, ರಾಯಬಾಗದ ಖಾನಾವಳಿಗಳಿಗೆ ಕೊಡುತ್ತೇವೆ. ಶೋಭಾ ಅವನ್ನು ಬುಟ್ಟಿಯಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಒಯ್ಯುತ್ತಾಳೆ. ಒಂದು ದಿನ ನಾನೂ ಹೋಗಿದ್ದೆ. ಕಂಡಕ್ಟರ್ ಬುಟ್ಟಿ ನೋಡಿ, “ಆಯಿ, ಹೆಂಗಸರಿಗೆ ಫ್ರೀ ಐತಿ, ಬುಟ್ಟಿಗೆ ಇಲ್ಲ” ಅಂದ. “ರೊಟ್ಟಿನೂ ಹೆಣ್ಣ ಐತೋ ಯಪ್ಪಾ, ಬಡಿಸಿಕೊಂಡ ಬಡಿಸಿಕೊಂಡ ಗಟ್ಟಿ ಆಗೇತಿ” ಅಂದೆ. ಬಸ್ಸು ನಕ್ಕಿತು, ಅವನು ಟಿಕೆಟ್ ಹರಿಯಲಿಲ್ಲ. ಆದರೆ ನಿಂತ ಮಂದಿಯ ಮೊಣಕಾಲು ತಗಲಿ ಅರ್ಧ ಬುಟ್ಟಿ ಚೂರಾಗಿತ್ತು. ಖಾನಾವಳಿಯವನು, “ಚೂರ ಬ್ಯಾಡ್ರಿ, ಗಿರಾಕಿ ಇಡೀ ರೊಟ್ಟಿ ಕೇಳ್ತಾರ” ಅಂತ ಹಿಂದಕ್ಕೆ ಕಳಿಸಿದ. ಆ ವಾರವೆಲ್ಲ ನಮ್ಮ ಮನೆಯಲ್ಲಿ ರೊಟ್ಟಿಯ ಚೂರಿಗೆ ಮಜ್ಜಿಗೆ, ಮಜ್ಜಿಗೆಗೆ ರೊಟ್ಟಿಯ ಚೂರು.

ಆಗ ಶೋಭಾ ಹೇಳಿದಳು, “ಅತ್ತಿ, ಒಂದ ಹಳೇ ಗಾಡಿ ತಗೊಳ್ಳೂಣು. ನಾನ ಹೊಡೀತೀನಿ.” ಅವಳ ತವರು ಕಾಗವಾಡ. ಅಲ್ಲಿ ಅಣ್ಣನ ಗಾಡಿಯಲ್ಲಿ ಕಲಿತು ಲೈಸನ್ಸು ಮಾಡಿಸಿಕೊಂಡೇ ನಮ್ಮ ಮನೆಗೆ ಬಂದವಳು. ಮಗ ಹೆಂಡತಿಯ ಲೈಸನ್ಸನ್ನು ಮದುವೆಯ ಆಲ್ಬಮ್ಮಿನಲ್ಲಿ ಇಟ್ಟಿದ್ದ, ಫೋಟೋ ಚೆನ್ನಾಗಿ ಬಂದಿದೆ ಅಂತ. ನಾನು ಅದನ್ನು ಆಲ್ಬಮ್ಮಿನಿಂದ ತೆಗೆದು ಅವಳ ಕೈಗೆ ಕೊಟ್ಟೆ. ಗಾಡಿ ಬರಲಿ ಅಂದೆ.

ಸುದ್ದಿ ಭೋಜದ ಬೀಗರಿಗೆ ಹೋಯಿತು. ನನ್ನ ಮಗಳು ಸುವರ್ಣಾಳನ್ನು ಕೊಟ್ಟ ಮನೆ ಅದು. ಬೀಗರು ಹೊಸ ಗಾಡಿ ಕೊಂಡಿದ್ದರು, ಹಳೆಯದು ಅಂಗಳದಲ್ಲಿ ನಿಂತಿತ್ತು. ಒಂದು ರವಿವಾರ ತಾವೇ ಹೊಡೆದುಕೊಂಡು ನಮ್ಮ ಮನೆಯ ಮುಂದೆ ಬಂದು ನಿಲ್ಲಿಸಿದರು. ಬಿಳಿ ಗಾಡಿ, ತೊಳೆದು ಒರೆಸಿ ಮದುಮಗನ ಹಾಗೆ ಮಾಡಿದ್ದರು. ನಮ್ಮ ಮನೆಯ ಮುಂದೆ ಸ್ವಲ್ಪ ಇಳಿಜಾರು. ಬೀಗರು ಇಳಿದವರೇ, ನನಗೆ ನಮಸ್ಕಾರ ಅನ್ನುವ ಮೊದಲೇ ಹಿಂದಿನ ಬಾಗಿಲು ತೆಗೆದು ಒಂದು ಕಲ್ಲು ಹೊರತೆಗೆದರು. ತೆಂಗಿನಕಾಯಿಯಷ್ಟು ದೊಡ್ಡದು, ಮೈಗೆಲ್ಲ ಪೂಜೆಯ ಅರಿಷಿಣದ ಭಂಡಾರ ಹತ್ತಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಗಾಲಿಯ ಬುಡಕ್ಕೆ ಇಟ್ಟರು. ನಾನು ಮಂಗಸೂಳಿಯ ಮಲ್ಲಯ್ಯ ದೇವರನ್ನು ಗಾಡಿಯಲ್ಲಿ ಕೂಡ್ರಿಸಿಕೊಂಡು ತಿರುಗುತ್ತಾರಲ್ಲ, ಎಂಥ ಭಕ್ತರು ಅಂದುಕೊಂಡೆ. ಸೆರಗು ಸರಿಮಾಡಿಕೊಂಡು ಕಲ್ಲಿಗೆ ಕೈ ಮುಗಿದೆ. ಬೀಗರು ಒಮ್ಮೆ ನನ್ನನ್ನು, ಒಮ್ಮೆ ಕಲ್ಲನ್ನು ನೋಡಿ, ಏನೂ ಅನ್ನದೆ ಒಳಗೆ ಬಂದರು. ಶಿರಾ ಮಾಡಿದ್ದೆವು, ತಿಂದರು.

ಮಗ ಬಸವರಾಜ ದೊಡ್ಡ ತಿಳಿದವನ ಹಾಗೆ ಗಾಡಿಯ ಸುತ್ತ ಮೂರು ಸುತ್ತು ಹಾಕಿದ. ಗಾಲಿಗೆ ಒದ್ದ. ಗಾಲಿಗೆ ಒದ್ದರೆ ಏನು ತಿಳಿಯುತ್ತದೋ ನನಗೆ ಗೊತ್ತಿಲ್ಲ, ಗಂಡಸರು ಎಲ್ಲರೂ ಒದೆಯುತ್ತಾರೆ. ಆಮೇಲೆ ಕೇಳಿದ, “ಮಾಮಾ, ಪಾಸಿಂಗ್?”

“ಕೊಲ್ಲಾಪುರ ಪಾಸಿಂಗ್” ಅಂದರು ಬೀಗರು, ಮೀಸೆ ಒರೆಸಿಕೊಂಡು.

“ಹಂಗಾದ್ರ ಕಾಳಜಿ ಇಲ್ಲ ಬಿಡ್ರಿ” ಅಂದ ಮಗ. ಬೀಗರೂ “ಕಾಹೀ ಕಾಳಜಿ ನಾಹೀ” ಅಂದರು. ಎರಡು ಭಾಷೆಯಲ್ಲಿ ಕಾಳಜಿ ಇಲ್ಲ ಅಂದ ಮೇಲೆ ವ್ಯವಹಾರ ಮುಗಿದ ಹಾಗೆಯೇ. ಮುಂದಿನ ಸೋಮವಾರ ಗಾಡಿ ನಮ್ಮದು ಅಂತ ಮಾತಾಯಿತು, ಬೀಗರು ಗಾಡಿ ಹೊಡೆದುಕೊಂಡು ಭೋಜಕ್ಕೆ ಹೋದರು.

ನನಗೆ ಮಾತ್ರ ಆ ಮಾತು ಹಲ್ಲಿನ ಸಂದಿಯ ಅಡಿಕೆಯ ಹಾಗೆ ಸಿಕ್ಕಿಕೊಂಡಿತು. ನಾನು ಕಲಿತದ್ದು ಎರಡನೇ ಇಯತ್ತೆ. ಕಲಿತದ್ದು ಅಂದರೆ, ಎರಡನೇ ಇಯತ್ತೆಯಲ್ಲಿ ಎರಡು ವರ್ಷ ಕೂತೆ, ಎರಡೂ ಸಲ ನಾಪಾಸಾದೆ. ಮೂರನೇ ವರ್ಷ ಅಪ್ಪ, “ಎಮ್ಮಿ ಕಾಯಾಕ ಪರೀಕ್ಷೆ ಇಲ್ಲ, ನಡಿ” ಅಂದ. ಅಂಕಿ ಚೆನ್ನಾಗಿ ಬರುತ್ತವೆ, ಅಕ್ಷರ ನಿಧಾನ. ಆದರೆ ನಾಪಾಸಾದವರಿಗೆ ಒಂದು ತಿಳಿವಳಿಕೆ ಇರುತ್ತದೆ, ಅದು ಪಾಸಾದವರಿಗೆ ಇರುವುದಿಲ್ಲ. ‘ಯಾವ ಶಾಲೆ’ ಅನ್ನುವುದು ಒಂದು ಪ್ರಶ್ನೆ, ‘ಪಾಸೋ ನಾಪಾಸೋ’ ಅನ್ನುವುದು ಇನ್ನೊಂದು ಪ್ರಶ್ನೆ. ನಮ್ಮ ಗಡಿ ಕಡೆ ಗಾಡಿಯ ವಿಷಯದಲ್ಲಿ ಈ ಎರಡಕ್ಕೂ ಒಂದೇ ಶಬ್ದ. ನಂಬರ್ ಪಟ್ಟಿ ಮಹಾರಾಷ್ಟ್ರದ್ದಾದರೆ ‘ಎಂಎಚ್ ಪಾಸಿಂಗ್’, ನಮ್ಮದಾದರೆ ‘ಕೆಎ ಪಾಸಿಂಗ್’. ಗಾಡಿಯನ್ನು ತಪಾಸಣೆಗೆ ಒಯ್ದು ಅದು ಸರಿ ಇದೆ ಅಂತ ಬರೆಸಿಕೊಂಡು ಬಂದರೆ ಅದೂ ‘ಪಾಸಿಂಗ್’. ಮಗ ಕೇಳಿದ್ದು ಎರಡನೆಯದು. ಬೀಗರು ಹೇಳಿದ್ದು ಮೊದಲನೆಯದು.

ಊಟಕ್ಕೆ ಕೂತಾಗ ಮಗನಿಗೆ ಕೇಳಿದೆ, “ಬಸೂ, ಆ ಗಾಡಿ ಕೊಲ್ಲಾಪುರದಾಗ ಪಾಸಾಗೇತೋ, ಕೊಲ್ಲಾಪುರದಾಗ ಹುಟ್ಟೇತೋ?”

ಅವನ ತುತ್ತು ಅರ್ಧಕ್ಕೆ ನಿಂತಿತು. “ಯವ್ವಾ, ಬೀಗರದು ಅದು.”

“ಬೀಗರದು ಅಂತ ಗೊತ್ತೈತಿ. ಪಾಸಾಗೇತೇನು?”

“ಹಂಗೆಲ್ಲ ಕೇಳಬಾರದು.”

“ಯಾಕ? ಅವರೇನ ಗಾಡಿ ಹಡದಾರೇನು?”

ಶೋಭಾ ನಗು ತಡೆಯಲಾಗದೆ ನೀರು ತರುವ ನೆಪದಲ್ಲಿ ಎದ್ದು ಹೋದಳು. ಮಗ ಅನ್ನ ಬಿಟ್ಟು ಎದ್ದ. ನಾನು ಅವನ ತಾಟಿನಲ್ಲಿದ್ದದ್ದನ್ನೂ ಉಂಡು ಮುಗಿಸಿದೆ. ಸಿಟ್ಟು ಬಂದವರಿಗೆ ಹಸಿವೆ ಇರುವುದಿಲ್ಲ, ನನಗಿತ್ತು.

ಮರುದಿನ ಬಸ್ ಸ್ಟ್ಯಾಂಡಿನ ಹತ್ತಿರದ ರಫೀಕ್ ಮಿಸ್ತ್ರಿಯ ಗ್ಯಾರೇಜಿಗೆ ಹೋದೆ. ಅವನ ತಾಯಿ ನನ್ನ ಗೆಳತಿ, ಹಾಗಾಗಿ ನನಗೆ ಮಾವಶಿ ಅನ್ನುತ್ತಾನೆ. ಗಾಡಿಯ ನಂಬರನ್ನು ಮೊದಲೇ ಅಂಗೈ ಮೇಲೆ ಬರೆದುಕೊಂಡಿದ್ದೆ. ಕೈ ಚಾಚಿದೆ. ಅವನು, “ಏನ ಮಾವಶಿ, ಭವಿಷ್ಯ ಕೇಳಾಕ ಬಂದೀರೇನು?” ಅಂದ.

“ನಂದಲ್ಲೋ, ಗಾಡೀದು. ಮೊಬೈಲಿನಾಗ ನಂಬರ ಹಾಕಿದ್ರ ಕುಂಡಲಿ ಬರತೈತಂತಲ್ಲ, ಹಾಕು.”

ಹಾಕಿದ. ಬಂತು. ಯಾವ ವರ್ಷ ಹುಟ್ಟಿದೆ, ಎಷ್ಟು ಮಾಲಕರು ಆಗಿದ್ದಾರೆ, ಎಲ್ಲ ಬಂತು. ಮನುಷ್ಯರಿಗೂ ಹೀಗೆ ಇದ್ದಿದ್ದರೆ ಅರ್ಧ ಮದುವೆಗಳು ಆಗುತ್ತಿರಲಿಲ್ಲ. ರಫೀಕ್ ಹುಬ್ಬು ಗಂಟಿಕ್ಕಿದ. “ಮಾವಶಿ, ಗಾಡಿಗೆ ಹದಿನೈದು ವರ್ಷ ತುಂಬೇತಿ. ತುಂಬಿದ ಮ್ಯಾಲೆ ತಪಾಸಣೆಗೆ ಒಯ್ದು ಮತ್ತ ಪಾಸ್ ಮಾಡಿಸಬೇಕು. ಇದರ ಅವಧಿ ಮುಗದ ಆರು ತಿಂಗಳಾತು. ಪಾಸಿಂಗ್ ಇಲ್ಲ.”

“ಒಯ್ದಿಲ್ಲೋ, ಒಯ್ದರೂ ಪಾಸಾಗಿಲ್ಲೋ?”

“ಅದು ಇದರಾಗ ಬರೂದಿಲ್ಲ. ಒಯ್ದಿದ್ರ ಅವರ ಹತ್ತರ ಕಾಗದ ಇರತೈತಿ. ಗಾಡಿ ನೋಡಿದ್ರ ನಾ ಹೇಳ್ತಿದ್ದೆ.” ಆಮೇಲೆ ಸುಮ್ಮನೆ ಕೇಳಿದ, “ನಿಲ್ಲಿಸಿದಾಗ ಏನರ ಕಂಡಿತೇನು?”

ನಾನು ಏನೂ ಕಾಣಲಿಲ್ಲ, ದೇವರ ಕಲ್ಲು ಮಾತ್ರ ಕಂಡಿತು ಅಂದೆ. ಎಲ್ಲಿಟ್ಟರು ಅಂದ. ಗಾಲಿಯ ಬುಡಕ್ಕೆ ಅಂದೆ. ರಫೀಕ್ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ನಗಲು ಶುರುಮಾಡಿದ. ನಕ್ಕು ನಕ್ಕು ಕಣ್ಣೊರೆಸಿಕೊಂಡ, ಮುಖವೆಲ್ಲ ಆಯಿಲ್ ಆಯಿತು. “ಮಾವಶಿ, ಅದು ದೇವರಲ್ಲ, ಹ್ಯಾಂಡ್‌ಬ್ರೇಕು! ದಸರಾದಾಗ ಗಾಡಿ ಜೋಡಿ ಅದಕ್ಕೂ ಪೂಜೆ ಆಗಿರಬೇಕು.”

ನಾನು ಬ್ರೇಕಿಗೆ ಕೈ ಮುಗಿದಿದ್ದೆ. ಈ ವಯಸ್ಸಿಗೆ ನನಗೆ ನಾಚಿಕೆ ಆಗುವುದು ಕಡಿಮೆ, ಅವತ್ತು ಆಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಚಿಕ್ಕೋಡಿ ಅಂದರೆ ಏರು, ಇಳುವು. ಕಬ್ಬಿನ ದಿನಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಒಂದು ದೀಪವೂ ಇಲ್ಲದೆ ಟ್ರ್ಯಾಕ್ಟರುಗಳು ಎದುರಿಗೆ ಬರುತ್ತವೆ, ಮುಂದೆ ನಿಂತಿರುತ್ತವೆ. ಆ ಇಳುವಿನಲ್ಲಿ ನನ್ನ ಸೊಸೆ ಗಾಡಿ ಹೊಡೆಯುವವಳು. ಅವಳು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಕಲ್ಲು ಹಿಡಿದುಕೊಳ್ಳಬೇಕೇ? ರೊಟ್ಟಿ ಚೂರಾದರೆ ಮಜ್ಜಿಗೆಯಲ್ಲಿ ತಿನ್ನಬಹುದು. ಸೊಸೆ ಚೂರಾದರೆ?

ಭೋಜಕ್ಕೆ ಹೋಗಿ ಕಾಗದ ನೋಡುತ್ತೇನೆ ಅಂತ ಮನೆಯಲ್ಲಿ ಹೇಳಿದೆ. ಮಗ ತಾನು ಬರುವುದಿಲ್ಲ ಅಂದ. ಅಷ್ಟೇ ಅಲ್ಲ, ತಂಗಿಗೆ ಫೋನು ಮಾಡಿ ಚಾಡಿ ಹೇಳಿದ. ಸುವರ್ಣಾ ನನಗೆ ಫೋನು ಹಚ್ಚಿದಳು. “ಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ, ಕಾಗದ ಕೇಳಬ್ಯಾಡ. ನಾಳೆ ಈ ಮನಿಯಾಗ ನಾ ಬಾಳ್ವೆ ಮಾಡಬೇಕು.”

“ಬಾಳ್ವೆ ನೀ ಮಾಡು, ಗಾಡಿ ನಾವು ಹೊಡೀತೀವಿ” ಅಂತ ಫೋನು ಇಟ್ಟೆ. ಇಟ್ಟ ಮೇಲೆ ಬಡಿದು ಮುಗಿಸಿದ ರೊಟ್ಟಿಯನ್ನೇ ಇನ್ನೊಮ್ಮೆ ಬಡಿದೆ. ಅದನ್ನು ಯಾರೂ ನೋಡಲಿಲ್ಲ, ಹಾಗಾಗಿ ಆಗಲಿಲ್ಲ ಅಂತಲೇ ಇಟ್ಟುಕೊಳ್ಳಿ.

ಶೋಭಾ ಮಾತ್ರ ನನ್ನ ಜೊತೆ ಬಂದಳು. ಬಸ್ಸು ಬದಲಿಸಿ ಭೋಜ ಮುಟ್ಟಿದಾಗ ಬೀಗರು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದರು, ಪಕ್ಕದಲ್ಲಿ ಬೀಗತಿ ಅವರೆಕಾಳು ಸುಲಿಯುತ್ತಿದ್ದರು. ಕುಶಲ ಕೇಳಿದ್ದಾಯಿತು, ನೀರು ಕುಡಿದದ್ದಾಯಿತು. ಸುವರ್ಣಾ ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಳು. ನಾನು ಚಹಾ ತಣ್ಣಗಾಗಲು ಬಿಡುವವಳಲ್ಲ, ಮಾತನ್ನೂ ಬಿಡುವವಳಲ್ಲ.

“ಬೀಗರ, ಗಾಡಿ ತಪಾಸಣಿ ಆದ ಕಾಗದ ಅಷ್ಟೂ ತೋರಸ್ರಿ.”

“ಅಹೋ ಬೀಗತ್ಯಾರ, ನಮ್ಮ ನಿಮ್ಮ ನಡಕ ಕಾಗದ ಯಾಕ್ರಿ? ನಾನ ಕಾಗದ ಇದ್ದಂಗ.”

“ನಿಮ್ಮನ್ನ ಓದಾಕ ನನಗ ಬರೂದಿಲ್ರಿ. ನಂದು ಎರಡನೇ ಇಯತ್ತೆ.”

ಬೀಗರ ಮುಖ ಕೆಂಪಾಯಿತು. ಸುವರ್ಣಾ ಚಹಾದ ತಾಟನ್ನು ಕಟ್ಟೆಯ ಮೇಲಿಟ್ಟಳು. ಬೀಗರು ಎಲೆ ಉಗುಳಿ ಬಂದು ಹೇಳಿದರು, “ಹನ್ನೆರಡು ವರ್ಷದ ಬೀಗತನ. ಇವತ್ತ ನನ್ನ ಮ್ಯಾಲೆ ಸಂಶಯ ಬಂತೇನ್ರಿ?”

ಆಗ ನಾನು ಹೇಳಿದ್ದನ್ನೇ ಊರೆಲ್ಲ ಇವತ್ತಿಗೂ ಹೇಳಿಕೊಂಡು ತಿರುಗುತ್ತಿದೆ, ಸ್ವಲ್ಪ ಉಪ್ಪು ಖಾರ ಹೆಚ್ಚು ಹಾಕಿ. ನಾನು ಹೇಳಿದ್ದು ಇದು: “ಬೀಗರ, ಹನ್ನೆರಡು ವರ್ಷದ ಹಿಂದ ನೀವು ನನ್ನ ಮಗಳನ್ನ ನೋಡಾಕ ಬಂದಿರಿ. ಒಂದ ಜೀಪ್ ತುಂಬ ಬಂದಿರಿ. ಆಕಿನ್ನ ಬಾಗಿಲಿಂದ ಪಡಸಾಲಿ ತನಕ ನಡಿಸಿ ನೋಡಿದ್ರಿ, ಕಾಲು ಕುಂಟ ಐತೇನು ಅಂತ. ಸೂಜಿಗೆ ದಾರ ಪೋಣಸಂದ್ರಿ, ಕಣ್ಣು ಕಾಣ್ತಾವೇನು ಅಂತ. ಒಂದ ಹಾಡ ಹೇಳವಾ ಅಂದ್ರಿ, ತೊದಲ ಐತೇನು ಅಂತ. ಜಡಿ ಬಿಚ್ಚಿ ನೋಡಿದ್ರಿ, ಚೌರಿ ಹಾಕ್ಯಾಳೇನು ಅಂತ. ನಾ ಅಪಮಾನ ಅಂದ್ನೇನ್ರಿ? ಚಹಾ ಕೊಟ್ಟೆ. ನನ್ನ ಮಗಳಿಗೆ ಇಷ್ಟು ತಪಾಸಣಿ ಆಗೂದಾದ್ರ, ನಿಮ್ಮ ಗಾಡಿಗೆ ಆದ್ರ ಏನ್ ಸವೀತೈತ್ರಿ?”

ಬೀಗತಿ ಅವರೆಕಾಳಿನ ಮೊರ ಪಕ್ಕಕ್ಕಿಟ್ಟು, ಒಳಗೆ ಹೋಗಿ, ಒಂದು ಪ್ಲಾಸ್ಟಿಕ್ ಚೀಲ ತಂದು ಶೋಭಾಳ ಮಡಿಲಿಗೆ ಹಾಕಿದರು. ಗಂಡನ ಕಡೆ ನೋಡಲೂ ಇಲ್ಲ. ಶೋಭಾ ಒಂದೊಂದೇ ಕಾಗದ ತೆಗೆದು ಓದಿದಳು. ತಪಾಸಣೆಯವು ಎರಡು ಇದ್ದವು. ಎರಡು ತಿಂಗಳ ಅಂತರದಲ್ಲಿ ಗಾಡಿಯನ್ನು ಎರಡು ಸಲ ಒಯ್ದಿದ್ದರು. ಎರಡೂ ಕಾಗದದ ಕೆಳಗೆ ಯಾರೋ ಮರಾಠಿಯಲ್ಲಿ ಕೈಯಿಂದ ಬರೆದಿದ್ದರು. ಕಾಗವಾಡದ ಹುಡುಗಿಗೆ ಮರಾಠಿ ಓದಲು ತಡವೇ? “ಅತ್ತಿ, ಮೊದಲನೇದಕ್ಕ, ಹಿಂದಿನ ಬ್ರೇಕ್, ಹ್ಯಾಂಡ್‌ಬ್ರೇಕ್ ನಾಪಾಸ. ಎರಡನೇದಕ್ಕೂ ಅದ. ನಾಪಾಸ.”

ಅದನ್ನು ನನಗೆ ಕನ್ನಡದಲ್ಲಿ ಹೇಳಬೇಕಾಗಲಿಲ್ಲ. ಗಡಿಯ ಆ ಕಡೆಯ ಭಾಷೆಯಲ್ಲೂ ನಾಪಾಸು, ಈ ಕಡೆಯ ಭಾಷೆಯಲ್ಲೂ ನಾಪಾಸು. ಗಾಡಿ ನನ್ನ ಹಾಗೆಯೇ, ಒಂದೇ ಇಯತ್ತೆಯಲ್ಲಿ ಎರಡು ಸಲ ಕೂತಿತ್ತು.

“ಹ್ಯಾಂಡ್‌ಬ್ರೇಕ್ ಯಾರ ಬಳಸ್ತಾರ್ರಿ ಈಗ” ಅಂತ ಬೀಗರು ಗೊಣಗಿದರು. “ನಾ ಪಾಸಾಗೇತಿ ಅಂತ ಎಲ್ಲೆ ಹೇಳೀನಿ? ಕೊಲ್ಲಾಪುರ ಪಾಸಿಂಗ್ ಅಂದೆ. ಅದು ಖರೇನ ಐತಿ. ತಿಳಕೊಂಡವರದು ತಪ್ಪು.”

“ಇಂಥ ಖರೆ ಮಾತಾಡೂ ಬದಲಿ ಸುಳ್ಳರ ಹೇಳಬೇಕಿತ್ರಿ” ಅಂದೆ. ಗೆದ್ದೆ ಅಂದುಕೊಂಡೆ. ಚಹಾ ಕೈಗೆತ್ತಿಕೊಂಡೆ.

ಆಗ ಬೀಗತಿ ಬಾಯಿ ತೆರೆದರು. ಆ ಹೆಂಗಸು ಮಾತಾಡುವುದು ಕಡಿಮೆ, ಯಾಕೆ ಕಡಿಮೆ ಅಂತ ಅವತ್ತು ತಿಳಿಯಿತು; ಕೂಡಿಟ್ಟು ಒಮ್ಮೆಲೇ ಕೊಡುತ್ತಾರೆ. “ಬೀಗತ್ಯಾರ, ಅವತ್ತ ನಾವು ಎಲ್ಲಾ ತಪಾಸಣಿ ಮಾಡಿದ್ವಿ, ಖರೆ. ಒಂದ ಬಿಟ್ಟಿದ್ವಿ. ‘ಹುಡುಗಿ ಮ್ಯಾಟ್ರಿಕ್ ಏನ್ರಿ?’ ಅಂತ ನಾ ಕೇಳಿದೆ. ನೀವು ‘ಮ್ಯಾಟ್ರಿಕ್ ಆಗೇತ್ರಿ’ ಅಂದ್ರಿ. ಆಗೇತಿ ಅಂದ್ರಿ. ಪಾಸಾಗೇತಿ ಅನ್ನಲಿಲ್ಲ. ನಾವೂ ಕಾಗದ ಕೇಳಲಿಲ್ಲ.”

ಸುವರ್ಣಾ ಹತ್ತನೇ ಇಯತ್ತೆಯಲ್ಲಿ ಗಣಿತಕ್ಕೆ ನಾಪಾಸಾಗಿದ್ದಳು. ಪರೀಕ್ಷೆ ಆಗಿತ್ತು, ಆ ಮಾತು ಖರೆ. ತಿಳಿದುಕೊಂಡವರ ತಪ್ಪು ಅಂತ ನಾನೂ ಹನ್ನೆರಡು ವರ್ಷ ಆರಾಮವಾಗಿ ಮಲಗಿದ್ದೆ.

“ನಿಮಗ ಯಾವಾಗ ಗೊತ್ತಾತ್ರಿ?” ಅಂದೆ.

“ಮದುವಿ ಆದ ಮರುವರ್ಷನ. ಕಿರಾಣಿ ಚೀಟಿ ಲೆಕ್ಕ ಕೂಡಸಂದ್ರ ಆಕಿ ಒಲಿ ಮ್ಯಾಲಿನ ಹಾಲು ಉಕ್ಕತೈತಿ ಅಂತ ಓಡಿ ಹೋಗ್ತಿದ್ಲು. ಒಲಿ ಮ್ಯಾಲೆ ಹಾಲ ಇರತಿರಲಿಲ್ಲ.”

ಬೀಗರಿಗೆ ಜೀವ ಬಂತು. ತೊಡೆ ತಟ್ಟಿ ನಕ್ಕರು. “ಅಂದ್ರ ಲೆಕ್ಕ ಬರೋಬ್ಬರಿ! ನಿಮ್ಮದೂ ನಾಪಾಸು, ನಮ್ಮದೂ ನಾಪಾಸು.”

“ಬರೋಬ್ಬರಿ ಹೆಂಗಾಕ್ಕೈತ್ರಿ?” ಅಂದೆ, ಕಪ್ಪು ಕೆಳಗಿಟ್ಟು. “ನನ್ನ ಮಗಳು ನಾಪಾಸಾದ್ರೂ ಹನ್ನೆರಡು ವರ್ಷ ನಿಮ್ಮನಿಯಾಗ ನಿಂತಾಳ, ಕಲ್ಲು ಇಡದ. ನಿಮ್ಮ ಗಾಡಿ ಚಹಾ ಕುಡಿಯೂ ತನಕ ನಿಂದ್ರೂದಿಲ್ಲ.”

ಬೀಗತಿ ನಕ್ಕ ನಗುವಿಗೆ ಅವರೆಕಾಳಿನ ಮೊರ ಮಗುಚಿತು. ಆಮೇಲೆ ಬೀಗರೂ ನಕ್ಕರು, ತಡವಾಗಿ, ಕಡಿಮೆಯಾಗಿ. ಮಾತು ಹೀಗೆ ತೀರ್ಮಾನವಾಯಿತು: ಗಾಡಿ ರಫೀಕನ ಹತ್ತಿರ ಬರಬೇಕು, ಬೀಗರೇ ಬ್ರೇಕು ಹಾಕಿಸಬೇಕು, ತಪಾಸಣೆಗೆ ಶೋಭಾಳೂ ಜೊತೆಗೆ ಹೋಗಬೇಕು, ಪಾಸು ಅಂತ ಬರೆದ ಕಾಗದ ಅವಳೇ ಓದಬೇಕು. ಆಮೇಲೆ ಗಾಡಿ ನಮ್ಮದು. ಕಲ್ಲು ಅವರದೇ ಇರಲಿ.

ಹೊರಡುವ ಮುಂಚೆ ಅಡುಗೆಮನೆಗೆ ಹೋದೆ. ಸುವರ್ಣಾ ನನ್ನ ಕಡೆ ಬೆನ್ನು ಹಾಕಿ ಹಿಟ್ಟು ನಾದುತ್ತಿದ್ದಳು. “ಏನವಾ, ಬಾಳ್ವೆಗೆ ಏನೂ ಆಗಲಿಲ್ಲಲ್ಲ” ಅಂದೆ, ಗೆದ್ದವಳ ಹಾಗೆ.

ಅವಳು ತಿರುಗಲಿಲ್ಲ. “ಹನ್ನೆರಡು ವರ್ಷ ಯಾರರ ಕೈಯಾಗ ಚೀಟಿ ಹಿಡಕೊಂಡ ಬಂದ್ರ ನನ್ನ ಎದಿ ಡವಡವ ಅಂತಿತ್ತು ಯವ್ವಾ. ಒಂದ ವಿಷಯ ಹೋಗಿತ್ತು. ಇನ್ನೊಮ್ಮಿ ಕುಂದರ್ತೀನಿ ಅಂತ ಎಷ್ಟ ಸಲ ಅಂದೆ. ‘ಫಾರ್ಮ್ ತುಂಬಿದ್ರ ಬೀಗರಿಗೆ ಗೊತ್ತಾಕ್ಕೈತಿ, ಸುಮ್ಮನಿರು’ ಅಂತ ನೀನ ಅಂದಿ. ಅವರಿಗೆ ಮೊದಲ ಗೊತ್ತಿತ್ತು. ನಾ ಸುಮ್ಮನ ಸುಮ್ಮನಿದ್ದೆ.”

ಬಸ್ಸಿನಲ್ಲಿ ಶೋಭಾ, “ಅತ್ತಿ, ಇವತ್ತ ಭಾರಿ ಮಾತಾಡಿದ್ರಿ” ಅಂತ ಹೊಗಳುತ್ತಲೇ ಇದ್ದಳು. ನಾನು ಮಲಗಿದವಳ ಹಾಗೆ ಕಣ್ಣು ಮುಚ್ಚಿಕೊಂಡಿದ್ದೆ.

ಮರುದಿನ ಮುಂಜಾನೆ ರೊಟ್ಟಿಯ ಕೆಲಸ ಶೋಭಾಳಿಗೆ ಬಿಟ್ಟು, ಟ್ರಂಕಿನ ತಳಕ್ಕೆ ಹಾಸಿದ ಕಾಗದದ ಕೆಳಗಿನಿಂದ ಸುವರ್ಣಾಳ ಮಾರ್ಕ್ಸ್ ಕಾರ್ಡು ತೆಗೆದುಕೊಂಡು, ಅವಳು ಕಲಿತ ಹೈಸ್ಕೂಲಿಗೆ ಹೋದೆ. ಸಿಪಾಯಿ ಇನ್ನೂ ಬೀಗ ತೆಗೆದಿರಲಿಲ್ಲ, ಮೆಟ್ಟಿಲ ಮೇಲೆ ಕೂತೆ. ಕ್ಲಾರ್ಕು ಬಂದ, ಕಾರ್ಡು ನೋಡಿದ. ಮಗಳು ಪರೀಕ್ಷೆಗೆ ಇನ್ನೂ ಕೂಡ್ರಬಹುದು, ಒಂದು ಅರ್ಜಿ ಬರೆಯಬೇಕು ಅಂದ. ನನಗೆ ನಿಧಾನ ಅಂತ ತಾನೇ ಬರೆಯಲು ಕೂತ. ನಡುವೆ ಪೆನ್ನು ಎತ್ತಿ ಕೇಳಿದ, “ಆಯಿ, ಇಷ್ಟು ವರ್ಷ ಯಾಕ ಕುಂದರಲಿಲ್ಲ ಅಂತ ಕಾರಣ ಬರೀಬೇಕು. ಏನ್ ಬರೀಲಿ? ಆರೋಗ್ಯ ಸರಿ ಇರಲಿಲ್ಲ ಅಂತ ಬರೀಲೇನು?”

“ಬ್ಯಾಡ. ಅವ್ವ ಬ್ಯಾಡ ಅಂದಿದ್ಲು ಅಂತ ಬರಿ.”

ಅವನು ನನ್ನ ಮುಖ ನೋಡಿದ.

“ಬರಿಯೋ. ಕೆಳಗ ಸಹಿ ನಾ ಮಾಡ್ತೀನಿ.”